ಗಣಕೀಕೃತ ದಾಖಲೆಗಳ ಬ್ಯಾಕಪ್ ಮತ್ತು ಮರುಸ್ಥಾಪನೆ: ಅರ್ಜಿದಾರರ ತಿಳುವಳಿಕೆಗಾಗಿ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳಿಗಾಗಿ ಸಾರ್ವಜನಿಕರು ಸಲ್ಲಿಸುವ ಅರ್ಜಿಗಳು ಈಗ ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ದಾಖಲಾಗುತ್ತವೆ. ಸರ್ವರ್ ಸ್ಥಗಿತಗೊಂಡಿದೆ ಎಂಬ ಉತ್ತರ ಪಡೆದು ಹಿಂದಿರುಗುವ ಅರ್ಜಿದಾರರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಮೂಡುವುದು ಸಹಜ. ಹಳೆಯ ದಾಖಲೆ ಸುರಕ್ಷಿತವಾಗಿದೆಯೇ ಎಂಬುದು ಮೊದಲನೆಯದು. ಅಂದು ಬೆಳಿಗ್ಗೆ ಸಲ್ಲಿಸಿದ ಅರ್ಜಿ ಉಳಿದಿದೆಯೇ ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ಒಂದೇ ಅಲ್ಲ. ಇದನ್ನು ಅರ್ಜಿದಾರರು ಅರಿತುಕೊಳ್ಳಲಿ ಎಂಬ ಉದ್ದೇಶದಿಂದ ಬ್ಯಾಕಪ್, ಅಂದರೆ ದಾಖಲೆಗಳ ಪ್ರತಿಯನ್ನು ಬೇರೆಡೆ ಕಾಯ್ದಿಡುವ ಕ್ರಮ, ಮತ್ತು ಮರುಸ್ಥಾಪನೆ, ಅಂದರೆ ಕಾಯ್ದಿಟ್ಟ ಪ್ರತಿಯಿಂದ ದಾಖಲೆಗಳನ್ನು ಮತ್ತೆ ಬಳಕೆಗೆ ತರುವ ಕ್ರಮ, ಇವುಗಳ ವಿವರಣೆಯನ್ನು ಇಲ್ಲಿ ನೀಡಲಾಗಿದೆ.

ಕಡತದಿಂದ ಗಣಕಯಂತ್ರಕ್ಕೆ

ಹುಬ್ಬಳ್ಳಿ-ಗದಗ ಹೆದ್ದಾರಿಯಲ್ಲಿರುವ ಶಿರಗುಪ್ಪಿಯು ಹುಬ್ಬಳ್ಳಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತಲಿನದು ಎರೆಭೂಮಿ. ಹತ್ತಿ, ಹೆಸರು, ಕಡಲೆ, ಜೋಳ ಇಲ್ಲಿನ ಮುಖ್ಯ ಬೆಳೆಗಳು. ಇಲ್ಲಿನ ರೈತರು ಪಹಣಿಯನ್ನು ಇಂದಿಗೂ 'ಉತಾರ' ಎಂದೇ ಕರೆಯುತ್ತಾರೆ. ಬೆಳೆ ಸಾಲ, ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಜಮೀನಿನ ಖರೀದಿ, ವಾಟ್ನಿ, ಎಲ್ಲದಕ್ಕೂ ಉತಾರವೇ ಆಧಾರ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 133ರ ಪ್ರಕಾರ, ಹಕ್ಕು ದಾಖಲೆಯಲ್ಲಿರುವ ನಮೂದನ್ನು ತಪ್ಪೆಂದು ರುಜುವಾತುಪಡಿಸುವವರೆಗೆ ನಿಜವೆಂದು ಭಾವಿಸತಕ್ಕದ್ದು. ಆದುದರಿಂದ ದಾಖಲೆಯಲ್ಲಿನ ಒಂದು ಸಾಲು ಅಳಿದುಹೋದರೆ ಅದನ್ನು ಕೇವಲ ತಾಂತ್ರಿಕ ದೋಷವೆಂದು ಎಣಿಸಲಾಗದು. ಅದು ಒಂದು ಕುಟುಂಬದ ಹಕ್ಕಿಗೆ ಸಂಬಂಧಿಸಿದ ವಿಷಯ.

ಹಿಂದೆ ಈ ದಾಖಲೆಗಳು ಕೈಬರಹದ ಪುಸ್ತಕಗಳಲ್ಲಿದ್ದವು. ಮಳೆ, ಗೆದ್ದಲು, ಹರಿದ ಹಾಳೆ, ಅನಧಿಕೃತ ತಿದ್ದುಪಡಿ ಇವು ಆ ಪುಸ್ತಕಗಳಿಗೆ ಇದ್ದ ಅಪಾಯಗಳು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಾಂತ್ರಿಕ ನೆರವಿನೊಂದಿಗೆ ಕಂದಾಯ ಇಲಾಖೆಯು 'ಭೂಮಿ' ಯೋಜನೆಯಡಿ, 2000ದ ದಶಕದ ಆರಂಭದ ವೇಳೆಗೆ, ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಣಗೊಳಿಸಿತು. ದಾಖಲೆ ತಿದ್ದುವ ಅಧಿಕಾರಿಯ ಗುರುತನ್ನು ಬೆರಳಚ್ಚಿನಿಂದ ಖಚಿತಪಡಿಸುವ ಮತ್ತು ಹಕ್ಕು ಬದಲಾವಣೆಯ ಆದೇಶಗಳನ್ನು ಸ್ಕ್ಯಾನ್ ಮಾಡಿ ಇಡುವ ವ್ಯವಸ್ಥೆಯೂ ಜಾರಿಗೆ ಬಂದಿತು. ಆರಂಭದಲ್ಲಿ ಆಯಾ ತಾಲ್ಲೂಕಿನ ಸರ್ವರ್‌ಗಳಲ್ಲಿದ್ದ ದತ್ತಾಂಶವನ್ನು ನಂತರದ ವರ್ಷಗಳಲ್ಲಿ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ತರಲಾಯಿತು. ತಾಲ್ಲೂಕು ಅಭಿಲೇಖಾಲಯಗಳಲ್ಲಿರುವ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಯೋಜನೆ 2024ರಲ್ಲಿ ಆರಂಭವಾಯಿತು.

ಗಣಕೀಕರಣದಿಂದ ಗೆದ್ದಲಿನ ಭಯ ತಪ್ಪಿತು. ಆದರೆ ಹೊಸ ಬಗೆಯ ಅಪಾಯಗಳು ಬಂದವು: ಡಿಸ್ಕ್ ಕೆಡುವುದು, ಬೆಂಕಿ, ನೀರು ನುಗ್ಗುವುದು, ತಂತ್ರಾಂಶದ ದೋಷ, ಸಿಬ್ಬಂದಿಯ ಕೈತಪ್ಪು, ಮತ್ತು ದತ್ತಾಂಶಕ್ಕೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ದಾಳಿ. ಕಾಗದದ ಕಾಲದಲ್ಲಿ ಒಂದು ಪುಸ್ತಕ ಹಾಳಾದರೆ ಒಂದು ಗ್ರಾಮಕ್ಕೆ ತೊಂದರೆಯಾಗುತ್ತಿತ್ತು. ಈಗ ಒಂದು ದತ್ತಸಂಚಯ ಹಾಳಾದರೆ ಅನೇಕ ಜಿಲ್ಲೆಗಳಿಗೆ ಒಮ್ಮೆಲೇ ತೊಂದರೆಯಾಗಬಹುದು.

ಬ್ಯಾಕಪ್‌ನ ಬಗೆಗಳು: ಕಿರ್ದಿ ಮತ್ತು ಖಾತೆಯ ದೃಷ್ಟಾಂತ

ಅಂಗಡಿಯ ಲೆಕ್ಕ ಬರೆದವರಿಗೆ ಬ್ಯಾಕಪ್‌ನ ತತ್ವ ಹೊಸದೇನಲ್ಲ. ಅಂಗಡಿಯಲ್ಲಿ ದಿನದ ಪ್ರತಿಯೊಂದು ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಕಿರ್ದಿಯಲ್ಲಿ ಬರೆಯಲಾಗುತ್ತದೆ. ಅನಂತರ ಅದನ್ನು ಆಯಾ ವ್ಯಕ್ತಿಯ ಖಾತೆಗೆ ಏರಿಸಲಾಗುತ್ತದೆ. ಖಾತೆ ಪುಸ್ತಕ ಕಳೆದುಹೋದರೂ, ಕಳೆದ ವರ್ಷದ ಆಖೈರು ಶಿಲ್ಕು ಮತ್ತು ಅಲ್ಲಿಂದ ಈಚಿನ ಕಿರ್ದಿ ಎರಡೂ ಇದ್ದರೆ ಖಾತೆಯನ್ನು ಪುನಃ ಬರೆಯಬಹುದು.

ದತ್ತಸಂಚಯವೂ ಹೀಗೆಯೇ ಕೆಲಸ ಮಾಡುತ್ತದೆ. ಅದರಲ್ಲಿನ ಕೋಷ್ಟಕಗಳು ಖಾತೆಯಿದ್ದಂತೆ. ಪ್ರತಿಯೊಂದು ಬದಲಾವಣೆಯನ್ನು ಕ್ರಮವಾಗಿ ಬರೆದಿಡುವ 'ಟ್ರಾನ್ಸಾಕ್ಷನ್ ಲಾಗ್' ಕಿರ್ದಿಯಿದ್ದಂತೆ. ಬ್ಯಾಕಪ್‌ನಲ್ಲಿ ಸಾಮಾನ್ಯವಾಗಿ ಈ ಕೆಳಗಿನ ಬಗೆಗಳಿವೆ.

1. ಪೂರ್ಣ ಬ್ಯಾಕಪ್: ಇಡೀ ದತ್ತಸಂಚಯದ ಪ್ರತಿ. ಇದಕ್ಕೆ ಸಮಯವೂ ಸ್ಥಳವೂ ಹೆಚ್ಚು ಬೇಕು. ಮರುಸ್ಥಾಪನೆ ಸುಲಭ.

2. ವ್ಯತ್ಯಾಸದ ಬ್ಯಾಕಪ್: ಕೊನೆಯ ಪೂರ್ಣ ಬ್ಯಾಕಪ್‌ನ ನಂತರ ಬದಲಾದ ಎಲ್ಲ ಭಾಗಗಳ ಪ್ರತಿ.

3. ಏರಿಕೆಯ ಬ್ಯಾಕಪ್: ಕೊನೆಯ ಬ್ಯಾಕಪ್ ಯಾವ ಬಗೆಯದೇ ಆಗಿರಲಿ, ಅದರ ನಂತರ ಬದಲಾದುದು ಮಾತ್ರ. ಇದು ಬೇಗ ಮುಗಿಯುತ್ತದೆ. ಆದರೆ ಮರುಸ್ಥಾಪನೆಯ ವೇಳೆ ಸರಪಳಿಯ ಒಂದು ಕೊಂಡಿ ಕಾಣೆಯಾದರೂ ಅಲ್ಲಿಂದ ಮುಂದಿನ ಭಾಗ ದೊರೆಯುವುದಿಲ್ಲ.

4. ಲಾಗ್ ಬ್ಯಾಕಪ್: ಕಿರ್ದಿಯ ಪ್ರತಿಯನ್ನು ಕೆಲವು ನಿಮಿಷಗಳಿಗೆ ಅಥವಾ ಗಂಟೆಗೊಮ್ಮೆ ಬೇರೆ ಯಂತ್ರಕ್ಕೆ ಕಳುಹಿಸುವುದು.

ದತ್ತಸಂಚಯವು ಕೆಲಸ ಮಾಡುತ್ತಿರುವಾಗಲೇ ಅದರ ಕಡತವನ್ನು ಸಾಮಾನ್ಯ ಕಡತದಂತೆ ನಕಲು ಮಾಡುವುದು ಬ್ಯಾಕಪ್ ಎನಿಸುವುದಿಲ್ಲ. ನಕಲು ನಡೆಯುವಾಗಲೇ ಒಳಗೆ ಬರೆಹ ಸಾಗುತ್ತಿರುವುದರಿಂದ ಅರ್ಧ ಹಳೆಯ, ಅರ್ಧ ಹೊಸ ಪ್ರತಿ ಸಿದ್ಧವಾಗಬಹುದು. ದತ್ತಸಂಚಯದ ತಂತ್ರಾಂಶದಲ್ಲಿಯೇ ಇರುವ ಬ್ಯಾಕಪ್ ಸೌಲಭ್ಯವನ್ನು ಬಳಸುವುದು ಸರಿಯಾದ ಕ್ರಮ.

ಒಂದು ಉದಾಹರಣೆ

ಶಿರಗುಪ್ಪಿ ಹೋಬಳಿಯ ರೈತರೊಬ್ಬರು ತಂದೆಯ ಮರಣಾನಂತರ ವಾರಸಾ ಹಕ್ಕು ಬದಲಾವಣೆಗಾಗಿ ಸೋಮವಾರ ಮಧ್ಯಾಹ್ನ 12 ಗಂಟೆಗೆ ಅರ್ಜಿ ಸಲ್ಲಿಸಿದರೆಂದು ಇಟ್ಟುಕೊಳ್ಳೋಣ. ತಮ್ಮ ಹೆಸರಿನ ಉತಾರ ಬಂದರೆ ಮಾತ್ರ ಅವರಿಗೆ ಬ್ಯಾಂಕಿನಲ್ಲಿ ಬೆಳೆ ಸಾಲ ದೊರೆಯುತ್ತದೆ. ಕೊನೆಯ ಪೂರ್ಣ ಬ್ಯಾಕಪ್ ಭಾನುವಾರ ರಾತ್ರಿ 11 ಗಂಟೆಗೆ ಆಗಿದೆ. ಸೋಮವಾರ ಸಂಜೆ 4 ಗಂಟೆ 20 ನಿಮಿಷಕ್ಕೆ ಸರ್ವರ್‌ನ ಡಿಸ್ಕ್ ಕೆಡುತ್ತದೆ.

ರಾತ್ರಿಯ ಪೂರ್ಣ ಬ್ಯಾಕಪ್ ಮಾತ್ರ ಇದ್ದರೆ, ತಂದೆಯ ಹೆಸರಿನ ಹಳೆಯ ಪಹಣಿ ಮರಳಿ ಬರುತ್ತದೆ. ಮಗನ ಅರ್ಜಿ ಬರುವುದಿಲ್ಲ. ದತ್ತಸಂಚಯದ ಮಟ್ಟಿಗೆ ಅವರು ಅಂದು ಕಛೇರಿಗೆ ಬಂದೇ ಇಲ್ಲ. ಲಾಗ್ ಬ್ಯಾಕಪ್ ಗಂಟೆಗೊಮ್ಮೆ ಬೇರೆ ಯಂತ್ರಕ್ಕೆ ಹೋಗುತ್ತಿದ್ದರೆ, ಮೊದಲು ಭಾನುವಾರದ ಪ್ರತಿಯನ್ನು ಸ್ಥಾಪಿಸಿ, ಅದರ ಮೇಲೆ ಸಂಜೆ 4 ಗಂಟೆಯವರೆಗಿನ ಕಿರ್ದಿಯನ್ನು ಏರಿಸಲಾಗುತ್ತದೆ. ಆಗ ಅರ್ಜಿ ಉಳಿಯುತ್ತದೆ. 4 ಗಂಟೆಯ ನಂತರದ 20 ನಿಮಿಷಗಳ ನಮೂದುಗಳು ಮಾತ್ರ ಕಾಣೆಯಾಗುತ್ತವೆ.

ಎಷ್ಟು ಅವಧಿಯ ನಮೂದುಗಳು ಕಳೆದುಹೋಗುವುದನ್ನು ಸಹಿಸಬಹುದು ಎಂಬುದು ಮೊದಲ ಅಳತೆ. ಎಷ್ಟು ಸಮಯದೊಳಗೆ ಸೇವೆ ಪುನಃ ಆರಂಭವಾಗಬೇಕು ಎಂಬುದು ಎರಡನೆಯ ಅಳತೆ. ಯಾವುದೇ ಕಛೇರಿಯ ಬ್ಯಾಕಪ್ ಯೋಜನೆ ಈ ಎರಡು ಅಳತೆಗಳನ್ನು ಮೊದಲೇ ನಿಗದಿಪಡಿಸಿಕೊಳ್ಳಬೇಕಾಗುತ್ತದೆ. ಇವುಗಳಲ್ಲಿ ಯಾವುದೂ ಪೂರ್ತಿ ಸೊನ್ನೆಯಾಗುವುದು ಅಪರೂಪ. ಕಾಣೆಯಾದ ಆ ಸಣ್ಣ ಅವಧಿಯಲ್ಲಿ ಅರ್ಜಿ ಸಲ್ಲಿಸಿದವರಿಗೆ, ತಾವು ಅರ್ಜಿ ಕೊಟ್ಟಿದ್ದಕ್ಕೆ ಕೈಯಲ್ಲಿರುವ ಸ್ವೀಕೃತಿ ಪತ್ರವೇ ಸಾಕ್ಷಿ.

ಪ್ರತಿ ಇದ್ದರೆ ಸಾಲದು, ಅದು ತೆರೆಯಬೇಕು

ಬ್ಯಾಕಪ್ ಆಗಿದೆ ಎಂಬ ವರದಿಗೂ, ಬ್ಯಾಕಪ್‌ನಿಂದ ದಾಖಲೆ ಮರಳಿ ಬರುತ್ತದೆ ಎಂಬುದಕ್ಕೂ ಅಂತರವಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಅಂತರ್ಜಾಲ ಸಂಸ್ಥೆಯ ಸಿಬ್ಬಂದಿಯೊಬ್ಬರು ತಪ್ಪು ಸರ್ವರ್‌ನಲ್ಲಿ ಅಳಿಸುವ ಆದೇಶ ನೀಡಿದ್ದರಿಂದ ಮುಖ್ಯ ದತ್ತಸಂಚಯವೇ ಅಳಿದುಹೋಯಿತು. ದಿನನಿತ್ಯದ ಬ್ಯಾಕಪ್ ಹುಡುಕಿದಾಗ ಅದು ತಂತ್ರಾಂಶದ ಆವೃತ್ತಿಯ ವ್ಯತ್ಯಾಸದಿಂದ ಆಗುತ್ತಲೇ ಇರಲಿಲ್ಲವೆಂದು ತಿಳಿಯಿತು. ಬ್ಯಾಕಪ್ ವಿಫಲವಾಗಿದೆ ಎಂದು ಎಚ್ಚರಿಸಬೇಕಾಗಿದ್ದ ಇ-ಮೇಲ್‌ಗಳನ್ನು ಇ-ಮೇಲ್ ಸರ್ವರ್ ತಿರಸ್ಕರಿಸಿದ್ದರಿಂದ ಅವು ಯಾರಿಗೂ ತಲುಪಿರಲಿಲ್ಲ. ಬೇರೊಂದು ಕೆಲಸಕ್ಕಾಗಿ ಸುಮಾರು ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿ ಅದೃಷ್ಟವಶಾತ್ ಉಳಿದಿತ್ತು. ಆ ಆರು ಗಂಟೆಗಳ ನಮೂದುಗಳು ಮರಳಿ ಬರಲಿಲ್ಲ. ಸಂಸ್ಥೆಯು ಈ ಎಲ್ಲ ವಿವರಗಳನ್ನು ತಾನಾಗಿಯೇ ಪ್ರಕಟಿಸಿತು.

ಆದುದರಿಂದ ಕಾಯ್ದಿಟ್ಟ ಪ್ರತಿಯನ್ನು ನಿಯತಕಾಲಿಕವಾಗಿ ಬೇರೊಂದು ಯಂತ್ರದಲ್ಲಿ ಸ್ಥಾಪಿಸಿ, ದಾಖಲೆಗಳ ಸಂಖ್ಯೆಯನ್ನು ತಾಳೆ ನೋಡಿ, ಕೆಲವು ದಾಖಲೆಗಳನ್ನು ತೆರೆದು ಓದಿ ಪರಿಶೀಲಿಸುವುದು ಅಗತ್ಯ. ಇದನ್ನು ಮರುಸ್ಥಾಪನೆಯ ತಾಲೀಮು ಎನ್ನಬಹುದು. ಲೆಕ್ಕ ಪರಿಶೋಧನೆಯಲ್ಲಿ ನಗದು ಪುಸ್ತಕದ ಶಿಲ್ಕನ್ನು ಓದಿ ಬಿಡದೆ ಪೆಟ್ಟಿಗೆಯಲ್ಲಿರುವ ಹಣವನ್ನು ಎಣಿಸಿ ನೋಡುವಂತೆಯೇ ಇದು.

ಇನ್ನೊಂದು ತಪ್ಪು ತಿಳುವಳಿಕೆಯೂ ಇದೆ. ಒಂದೇ ದತ್ತಾಂಶವನ್ನು ಏಕಕಾಲಕ್ಕೆ ಎರಡು ಸರ್ವರ್‌ಗಳಲ್ಲಿ ಬರೆಯುವ ವ್ಯವಸ್ಥೆಯನ್ನು ಹಲವರು ಬ್ಯಾಕಪ್ ಎಂದು ಭಾವಿಸುತ್ತಾರೆ. ಒಂದು ಯಂತ್ರ ಕೆಟ್ಟರೆ ಇನ್ನೊಂದು ಕೆಲಸ ಮುಂದುವರಿಸುವುದು ಇದರ ಪ್ರಯೋಜನ. ಆದರೆ ಮೊದಲ ಸರ್ವರ್‌ನಲ್ಲಿ ಒಂದು ದಾಖಲೆಯನ್ನು ತಪ್ಪಾಗಿ ಅಳಿಸಿದರೆ ಎರಡನೆಯದರಲ್ಲಿಯೂ ಅದು ಆ ಕ್ಷಣವೇ ಅಳಿದುಹೋಗುತ್ತದೆ. ನಿನ್ನೆಯ ಸ್ಥಿತಿಯನ್ನು ನಿನ್ನೆಯಂತೆಯೇ ಹಿಡಿದಿಡುವ ಪ್ರತಿ ಮಾತ್ರ ಇಂದಿನ ತಪ್ಪಿನಿಂದ ರಕ್ಷಿಸಬಲ್ಲದು.

ಎಲ್ಲವೂ ಒಂದೇ ಕಡೆ ಇರಬಾರದು

ಈ ಕ್ಷೇತ್ರದಲ್ಲಿ '3-2-1' ಎಂಬ ಸರಳ ನಿಯಮ ಪ್ರಚಲಿತದಲ್ಲಿದೆ. ದಾಖಲೆಯ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು. ಕನಿಷ್ಠ ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿರಬೇಕು. ರಾನ್ಸಮ್‌ವೇರ್ ದಾಳಿಗಳು ಹೆಚ್ಚಿದ ಮೇಲೆ, ಜಾಲದ ಸಂಪರ್ಕವೇ ಇಲ್ಲದ ಒಂದು ಪ್ರತಿಯೂ ಇರಬೇಕೆಂಬುದನ್ನು ಇದಕ್ಕೆ ಸೇರಿಸಲಾಗಿದೆ.

ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬ್ಯಾಟರಿಗಳಿಂದ ಬೆಂಕಿ ಹತ್ತಿಕೊಂಡು ನೂರಾರು ಸರ್ಕಾರಿ ಸೇವೆಗಳು ಸ್ಥಗಿತಗೊಂಡವು. ಬೇರೆಡೆ ಪ್ರತಿಗಳಿದ್ದ ಸೇವೆಗಳನ್ನು ಹಂತಹಂತವಾಗಿ ಮರುಸ್ಥಾಪಿಸಲಾಯಿತು. ಆದರೆ ಸರ್ಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನು ಇಡುತ್ತಿದ್ದ ಒಂದು ಸಂಗ್ರಹ ವ್ಯವಸ್ಥೆಗೆ, ಅದರ ಗಾತ್ರ ದೊಡ್ಡದೆಂಬ ಕಾರಣದಿಂದ, ಹೊರಗೆ ಪ್ರತಿ ಇರಲಿಲ್ಲ. ಅದರಲ್ಲಿದ್ದ ಸುಮಾರು 858 ಟೆರಾಬೈಟ್ ದತ್ತಾಂಶ ನಾಶವಾಯಿತು.

ಭಾರತದ ಉದಾಹರಣೆಯೂ ಇದೆ. 2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಸರ್ವರ್‌ಗಳ ಮೇಲೆ ದಾಳಿ ನಡೆಯಿತು. ಹೊರರೋಗಿಗಳ ನೋಂದಣಿ, ಪ್ರಯೋಗಾಲಯ ವರದಿ ಮುಂತಾದವುಗಳನ್ನು ಹಲವು ದಿನಗಳ ಕಾಲ ಕೈಬರಹದಲ್ಲಿ ನಡೆಸಬೇಕಾಯಿತು. ದಾಳಿಗೆ ಒಳಗಾಗದ ಒಂದು ಬ್ಯಾಕಪ್ ಸರ್ವರ್ ಇದ್ದುದರಿಂದ ರೋಗಿಗಳ ದತ್ತಾಂಶವನ್ನು ಮರುಸ್ಥಾಪಿಸಲು ಸಾಧ್ಯವಾಯಿತು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ದೆಹಲಿ, ಪುಣೆ, ಹೈದರಾಬಾದ್ ಮತ್ತು ಭುವನೇಶ್ವರಗಳಲ್ಲಿ ರಾಷ್ಟ್ರೀಯ ದತ್ತಾಂಶ ಕೇಂದ್ರಗಳನ್ನು ಹೊಂದಿದೆ. ಒಂದು ಊರಿನ ಅವಘಡ ಇನ್ನೊಂದು ಊರಿನ ಪ್ರತಿಯನ್ನು ತಟ್ಟಬಾರದು ಎಂಬುದು ಹೀಗೆ ದೂರದೂರದಲ್ಲಿ ಕೇಂದ್ರಗಳಿರುವುದರ ಪ್ರಯೋಜನ.

ಇ-ಮೇಲ್ ಮೂಲಕ ಕಳುಹಿಸಿದ ಪತ್ರಗಳು

ಇ-ಮೇಲ್ ಸರ್ವರ್ ಕೂಡ ಒಂದು ದತ್ತಸಂಚಯವೇ. ಸ್ವೀಕರಿಸುವ ಸರ್ವರ್ ಸ್ಥಗಿತಗೊಂಡಿರುವಾಗ ಕಳುಹಿಸಿದ ಪತ್ರ ಸಾಮಾನ್ಯವಾಗಿ ನಾಶವಾಗುವುದಿಲ್ಲ. ಕಳುಹಿಸುವ ಸರ್ವರ್ ಅದನ್ನು ತನ್ನಲ್ಲಿಯೇ ಇಟ್ಟುಕೊಂಡು ಸಾಮಾನ್ಯವಾಗಿ ನಾಲ್ಕೈದು ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅಷ್ಟಾದರೂ ತಲುಪದಿದ್ದರೆ ಕಳುಹಿಸಿದವರಿಗೆ ಸೂಚನೆ ಬರುತ್ತದೆ. ಹೆಚ್ಚಿನ ಅಪಾಯ ಇರುವುದು ಬೇರೆ ಸಂದರ್ಭದಲ್ಲಿ. ಕೊನೆಯ ಬ್ಯಾಕಪ್‌ನ ನಂತರ ತಲುಪಿ, ಸರ್ವರ್ ಕೆಡುವ ಮುನ್ನ ಸ್ವೀಕೃತವಾದ ಪತ್ರ ಎರಡರ ನಡುವೆ ಸಿಕ್ಕಿಬೀಳುತ್ತದೆ. ಪತ್ರ ತಲುಪಿತೆಂದು ಕಳುಹಿಸಿದವರ ಸರ್ವರ್ ಬರೆದುಕೊಂಡಿರುತ್ತದೆ. ಮರುಸ್ಥಾಪಿಸಿದ ಪೆಟ್ಟಿಗೆಯಲ್ಲಿ ಮಾತ್ರ ಅದು ಇರುವುದಿಲ್ಲ.

ದೊಡ್ಡ ಸಂಸ್ಥೆಗಳಿಗೂ ಇ-ಮೇಲ್ ಬ್ಯಾಕಪ್ ಬೇಕಾಗುತ್ತದೆ. 2011ರ ಫೆಬ್ರುವರಿ ಕೊನೆಯಲ್ಲಿ ತಂತ್ರಾಂಶದ ದೋಷವೊಂದರಿಂದ ಜಿಮೇಲ್ ಬಳಕೆದಾರರಲ್ಲಿ ಶೇ. 0.02ರಷ್ಟು ಜನರ ಪೆಟ್ಟಿಗೆಗಳು ಖಾಲಿಯಾಗಿ ಕಂಡವು. ಹಲವು ಕೇಂದ್ರಗಳಲ್ಲಿ ಪ್ರತಿಗಳಿದ್ದರೂ ದೋಷವು ಆ ಪ್ರತಿಗಳನ್ನೂ ಮುಟ್ಟಿತ್ತು. ಜಾಲದಿಂದ ಬೇರೆಯಾಗಿ ಟೇಪ್‌ಗಳಲ್ಲಿ ಕಾಯ್ದಿಟ್ಟ ಪ್ರತಿಯಿಂದ ಆ ಪತ್ರಗಳನ್ನು ಮರಳಿ ತರಲಾಯಿತು.

ವ್ಯಾಪಾರಸ್ಥರ ಗಮನಕ್ಕೆ

ತೆರಿಗೆ ಮತ್ತು ಪರವಾನಗಿ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ವ್ಯಾಪಾರಸ್ಥರಿಗೆ ಬ್ಯಾಕಪ್ ಕಾನೂನಿನ ಹೊಣೆಯೂ ಆಗಿದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳು, 2017ರ ನಿಯಮ 57ರ ಪ್ರಕಾರ, ವಿದ್ಯುನ್ಮಾನ ದಾಖಲೆಗಳು ಅಪಘಾತದಿಂದ ಅಥವಾ ನೈಸರ್ಗಿಕ ಕಾರಣದಿಂದ ನಾಶವಾದರೂ ಸೂಕ್ತ ಕಾಲಾವಧಿಯೊಳಗೆ ಮರುಸ್ಥಾಪಿಸಲು ಸಾಧ್ಯವಾಗುವಂತೆ ಬ್ಯಾಕಪ್ ಇಡತಕ್ಕದ್ದು. ಕಂಪನಿಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇಡತಕ್ಕದ್ದೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಗಿದೆ.

ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆ ಪ್ರಾಂಗಣದ ಅಡತಿ ಅಂಗಡಿಯಾಗಲಿ, ಶಿರಗುಪ್ಪಿಯ ಗೊಬ್ಬರದ ಅಂಗಡಿಯಾಗಲಿ, ದೊಡ್ಡ ಸರ್ವರ್ ಇಲ್ಲದೆಯೂ ಈ ತತ್ವವನ್ನು ಪಾಲಿಸಬಹುದು. ದಿನದ ವ್ಯವಹಾರ ಮುಗಿದ ಮೇಲೆ ಲೆಕ್ಕದ ತಂತ್ರಾಂಶದಿಂದ ಬ್ಯಾಕಪ್ ತೆಗೆದು, ಎರಡು ಹೊರ ಡಿಸ್ಕ್‌ಗಳನ್ನು ಸರದಿಯಂತೆ ಬಳಸಿ, ಒಂದನ್ನು ಮನೆಯಲ್ಲಿಡುವುದು ಸಾಕಷ್ಟು ರಕ್ಷಣೆ ನೀಡುತ್ತದೆ. ಇ-ಮೇಲ್‌ಗಳು ಸರ್ವರ್‌ನಿಂದ ಅಂಗಡಿಯ ಗಣಕಯಂತ್ರಕ್ಕೆ ಇಳಿದ ಕೂಡಲೇ ಸರ್ವರ್‌ನಲ್ಲಿ ಅಳಿಯುವಂತೆ ವ್ಯವಸ್ಥೆಯಾಗಿದ್ದರೆ, ಆ ಯಂತ್ರದ ಡಿಸ್ಕ್‌ನಲ್ಲಿರುವುದೇ ಏಕೈಕ ಪ್ರತಿ. ಇದನ್ನು ಪರಿಶೀಲಿಸಿ ಬದಲಾಯಿಸಿಕೊಳ್ಳುವುದು ಸೂಕ್ತ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಅರ್ಜಿ ಸಂಖ್ಯೆ ಮತ್ತು ದಿನಾಂಕವಿರುವ ಸ್ವೀಕೃತಿ ಪತ್ರವನ್ನು ಪಡೆಯದೆ ಕಛೇರಿಯಿಂದ ತೆರಳಬಾರದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ ನೀಡುವ 15 ಅಂಕಿಗಳ ಸಂಖ್ಯೆಯಿಂದ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದು. ಕಾಲಮಿತಿಯೊಳಗೆ ಸೇವೆ ದೊರೆಯದಿದ್ದರೆ ಮೇಲ್ಮನವಿ ಸಲ್ಲಿಸಲೂ ಇದೇ ಆಧಾರ.

2. ಸ್ವೀಕೃತಿ ಪತ್ರದ ಛಾಯಾಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳುವುದರ ಜೊತೆಗೆ ಮೂಲ ಕಾಗದವನ್ನೂ ಜೋಪಾನ ಮಾಡಬೇಕು. ಮೊಬೈಲ್ ಕಳೆದರೆ ಕಾಗದ, ಕಾಗದ ಹರಿದರೆ ಮೊಬೈಲ್ ಎಂಬಂತಿರಬೇಕು.

3. ಅರ್ಜಿ ಸಲ್ಲಿಸಿದ ದಿನವೇ ಸರ್ವರ್ ಸ್ಥಗಿತಗೊಂಡಿದ್ದರೆ, ಸೇವೆ ಪುನರಾರಂಭವಾದ ನಂತರ ಅರ್ಜಿ ಸಂಖ್ಯೆಯಿಂದ ಅದು ಉಳಿದಿದೆಯೇ ಎಂದು ಒಮ್ಮೆ ಪರಿಶೀಲಿಸಬೇಕು. ಕಾಣದಿದ್ದರೆ ತಡಮಾಡದೆ ಸ್ವೀಕೃತಿ ಪತ್ರದ ಪ್ರತಿಯೊಂದಿಗೆ ಅದೇ ಕಛೇರಿಗೆ ಲಿಖಿತ ಮನವಿ ನೀಡುವುದು ಸೂಕ್ತ.

4. ಹಕ್ಕು ಬದಲಾವಣೆ ಮುಗಿದ ಕೂಡಲೇ ಹೊಸ ಪಹಣಿಯನ್ನು ಪಡೆದು ಹೆಸರು, ಸರ್ವೆ ನಂಬರ್, ಹಿಸ್ಸಾ ಮತ್ತು ವಿಸ್ತೀರ್ಣ ಸರಿಯಾಗಿವೆಯೇ ಎಂದು ನೋಡಬೇಕು. ತಪ್ಪು ನಮೂದಿನ ಬ್ಯಾಕಪ್ ತೆಗೆದರೆ ತಪ್ಪೇ ಸುರಕ್ಷಿತವಾಗಿ ಉಳಿಯುತ್ತದೆ.

5. ನೋಂದಾಯಿತ ಖರೀದಿ ಪತ್ರ, ವಾಟ್ನಿ ಪತ್ರ, ಮರಣ ಪ್ರಮಾಣಪತ್ರ, ಹಳೆಯ ಉತಾರಗಳನ್ನು ಗಣಕೀಕರಣವಾಗಿದೆ ಎಂಬ ಕಾರಣಕ್ಕೆ ಬಿಸಾಡಬಾರದು.

6. ಕಛೇರಿಗೆ ಇ-ಮೇಲ್ ಕಳುಹಿಸಿದಾಗ ಅದರ ಪ್ರತಿಯನ್ನು ಲಗತ್ತುಗಳ ಸಹಿತ ಉಳಿಸಿಕೊಳ್ಳಬೇಕು. ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕಾದ ಸೇವೆಗಳಿಗೆ ಇ-ಮೇಲ್ ಬದಲಿಯಾಗುವುದಿಲ್ಲ.

7. ಬೆಳೆ ವಿಮೆಯಂತಹ ಕೊನೆಯ ದಿನಾಂಕವಿರುವ ಸೇವೆಗಳಿಗೆ ಕೊನೆಯ ದಿನದವರೆಗೆ ಕಾಯುವುದು ಸೂಕ್ತವಲ್ಲ. ಅಂದು ಸರ್ವರ್ ಸ್ಥಗಿತಗೊಂಡರೆ ಯಾವ ಬ್ಯಾಕಪ್ಪೂ ಕಳೆದ ದಿನವನ್ನು ಮರಳಿ ತರಲಾರದು.

ಸರ್ವರ್‌ಗಳನ್ನೂ ಅವುಗಳ ಪ್ರತಿಗಳನ್ನೂ ಕಾಯುವುದು, ಆ ಪ್ರತಿಗಳು ತೆರೆಯುತ್ತವೆಯೇ ಎಂದು ಪರೀಕ್ಷಿಸುತ್ತಿರುವುದು ಕಛೇರಿಗಳ ಕರ್ತವ್ಯ. ಅರ್ಜಿದಾರರ ಬಳಿ ಇರುವ ಸ್ವೀಕೃತಿ ಪತ್ರವು ಆ ಕರ್ತವ್ಯಕ್ಕೆ ಬದಲಿಯಲ್ಲ. ಆದರೆ ಕೊನೆಯ ಬ್ಯಾಕಪ್‌ಗೂ ಯಂತ್ರ ಕೆಟ್ಟ ಗಳಿಗೆಗೂ ನಡುವಿನ ಸಣ್ಣ ಅವಧಿಯಲ್ಲಿ ಏನು ನಡೆಯಿತೆಂದು ಹೇಳಬಲ್ಲ ಪ್ರತಿ ಬಹುತೇಕ ಅದೊಂದೇ. ಅರ್ಜಿಯ ಸ್ಥಿತಿಯ ಬಗ್ಗೆ ಸಂದೇಹವಿದ್ದಲ್ಲಿ, ಅರ್ಜಿ ಸಲ್ಲಿಸಿದ ಕಛೇರಿಯನ್ನು ಸ್ವೀಕೃತಿ ಪತ್ರದೊಂದಿಗೆ ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು.